ಮೊದಲ ಹುಣ್ಣಿಮೆಯ ವೃತ್ತ: ವಿಕ್ಕಾ ಕಲಿಯುವವರು ಪದ್ಯ, ದನಿ, ತಾಳದಿಂದ ಶುರು ಮಾಡುವ ಬಗೆ

ಸಾಮಾನೆಲ್ಲ ಬಂದಿದೆ. ಮೇಣದಬತ್ತಿ ಹಚ್ಚಿದ್ದಾಗಿದೆ. ಕೋಣೆಯ ಬಾಗಿಲು ಹಾಕಿ, ಫೋನ್ ನೋಡಿಕೊಂಡು ಇಂಗ್ಲಿಷ್ ಮಂತ್ರ ಓದಲು ನಿಂತಿರಿ. ಎರಡನೇ ಸಾಲಿಗೆ ನಿಮಗೇ ನಗು ಬಂತು. ನಾಲ್ಕನೇ ಸಾಲಿಗೆ ಸ್ಕ್ರೀನ್ ಲಾಕ್ ಆಯಿತು. ಹತ್ತು ನಿಮಿಷದಲ್ಲಿ ಎಲ್ಲವನ್ನೂ ಎತ್ತಿ ಬೀರುವಿನೊಳಗೆ ಇಟ್ಟಿರಿ. ಮತ್ತೆ ಹೊರಗೆ ತೆಗೆದಿಲ್ಲ, ಅಲ್ವಾ?

"ವಿಚ್‌ಕ್ರಾಫ್ಟ್ ಮಾಡಿ ನೋಡಿದೆ, ಏನೂ ಅನ್ನಿಸಲಿಲ್ಲ" ಅನ್ನುವ ಬಹಳ ಜನರ ಕತೆ ಇದು. ನನ್ನದೂ ಹೀಗೇ ಶುರುವಾಗಿತ್ತು. ತಪ್ಪು ನಂಬಿಕೆಯಲ್ಲಿ ಇರುವುದಿಲ್ಲ, ಸಾಮಾನಿನಲ್ಲೂ ಇರುವುದಿಲ್ಲ. ಹೆಜ್ಜೆಗಳು ಹಿಂದುಮುಂದಾಗಿರುತ್ತವೆ. ಮೊದಲು ಸಾಮಾನು, ಆಮೇಲೆ ಮಂತ್ರ, ಕೊನೆಗೆ ದನಿ ಎಂದು ಹೋಗುತ್ತೇವೆ. ಇಲ್ಲಿ ಅದನ್ನು ತಿರುಗಿಸಿದ್ದೇನೆ. ಮೊದಲು ಪದ್ಯ, ಆಮೇಲೆ ದನಿ ಮತ್ತು ತಾಳ, ಕೊನೆಗೆ ಸಾಮಾನು. ಇದಕ್ಕೆ ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ, ಅಂದರೆ ಸುಮಾರು 29 ದಿನ ಬೇಕು.

## ಹಂತ 1: ಏನು ಮಾಡುತ್ತಿದ್ದೀರಿ ಎಂದು ಮೊದಲು ತೀರ್ಮಾನಿಸಿ

ಇಲ್ಲಿ ಹೇಳುತ್ತಿರುವುದು ವಿಕ್ಕಾ ಬಗ್ಗೆ. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದ, ಚಂದ್ರ ಮತ್ತು ಋತುಗಳನ್ನು ಹಿಡಿದು ನಡೆಯುವ ಧರ್ಮ ಅದು. ನಮ್ಮಲ್ಲಿ ಮಾಟ, ವಾಮಾಚಾರ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ವಿಕ್ಕಾದವರು ಒಪ್ಪುವ ಮುಖ್ಯ ನೀತಿ ಒಂದೇ: ಯಾರಿಗೂ ಕೆಡುಕಾಗದಂತೆ ನಿನಗೆ ಬೇಕಾದ್ದನ್ನು ಮಾಡು. ಕಳಿಸಿದ್ದು ಮೂರು ಪಟ್ಟಾಗಿ ತಿರುಗಿ ಬರುತ್ತದೆ ಎಂದು ನಂಬುವವರೂ ಬಹಳ.

ಹಾಗಾಗಿ ಮೊದಲ ದಿನವೇ ಮೂರು ವಿಷಯ ಪಕ್ಕಕ್ಕಿಡಿ. ಇನ್ನೊಬ್ಬರ ಮನಸ್ಸು ತಿರುಗಿಸುವುದು ಬೇಡ. ಸೇಡು ಬೇಡ. ಕಾಯಿಲೆಗೆ ಔಷಧಿ ಬಿಟ್ಟು ಮಂತ್ರ ಹೇಳುವುದು ಖಂಡಿತ ಬೇಡ.

ಕರ್ನಾಟಕದಲ್ಲಿ ಇರುವವರಿಗೆ ಇನ್ನೊಂದು ಮಾತು. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ನಿಮ್ಮ ಕೋಣೆಯಲ್ಲಿ ನೀವು ದೀಪ ಹಚ್ಚಿ ಪದ್ಯ ಹೇಳುವುದು ಬೇರೆ. ಮಾಟ ತೆಗೆಯುತ್ತೇನೆ ಎಂದು ಯಾರಿಗೋ ಹಿಂಸೆ ಕೊಡುವುದು, ಹೆದರಿಸುವುದು, ದುಡ್ಡು ಕೀಳುವುದು ಬೇರೆ. "ಅವಳೇ ಏನೋ ಮಾಡಿಸಿದ್ದಾಳೆ" ಎಂದು ಒಬ್ಬರ ಮೇಲೆ ಬೆರಳು ತೋರಿಸುವ ಮಾತಂತೂ ನಿಮ್ಮ ಬಾಯಲ್ಲಿ ತಮಾಷೆಗೂ ಬರಬಾರದು. ಅಂಥ ಮಾತಿನಿಂದ ಈ ದೇಶದಲ್ಲಿ ಹೆಂಗಸರು ಪ್ರಾಣ ಕಳೆದುಕೊಂಡಿದ್ದಾರೆ.

ಮನೆಯವರಿಗೆ ಹೇಳಬೇಕೇ? ಒಂದೇ ಮನೆಯಲ್ಲಿದ್ದರೆ ಹೇಳಿಬಿಡುವುದು ಒಳ್ಳೆಯದು. "ಹುಣ್ಣಿಮೆ ರಾತ್ರಿ ಅರ್ಧ ಗಂಟೆ ಧ್ಯಾನ ಮಾಡ್ತೀನಿ, ಪದ್ಯ ಹೇಳ್ತೀನಿ" ಅಂದರೆ ಸಾಕು, ಅದು ಸುಳ್ಳೂ ಅಲ್ಲ. ಬಾಗಿಲು ಹಾಕಿಕೊಂಡು ಕದ್ದು ಮಾಡಿದರೆ ಅಮ್ಮನಿಗೆ ಭಯ, ನಿಮಗೆ ಗಾಬರಿ.

## ಹಂತ 2: ನೋಟ್‌ಬುಕ್ ಮತ್ತು ಚಂದ್ರ

ಬೇಕಾದ್ದು: ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ಗೋಡೆಯ ಕ್ಯಾಲೆಂಡರ್.

ವಿಕ್ಕಾದವರು ತಮ್ಮ ವಿಧಿಗಳನ್ನು ಬರೆದಿಡುವ ಪುಸ್ತಕಕ್ಕೆ ನೆರಳಿನ ಪುಸ್ತಕ ಎಂಬ ಅರ್ಥದ ಹೆಸರಿದೆ, ಬುಕ್ ಆಫ್ ಶಾಡೋಸ್. ಚರ್ಮದ ರಟ್ಟಿನದೇ ಬೇಕು ಎಂದು ಹುಡುಕುತ್ತಾ ಕೂರಬೇಡಿ. ದುಬಾರಿ ಪುಸ್ತಕದಲ್ಲಿ ಚಿತ್ತುಕಾಟು ಮಾಡಲು ಕೈ ಬರುವುದಿಲ್ಲ. ಚಿತ್ತು ಮಾಡದೆ ಪದ್ಯ ಬರುವುದಿಲ್ಲ.

ಹುಣ್ಣಿಮೆ ಯಾವತ್ತು ಎಂದು ತಿಳಿಯಲು ಆ್ಯಪ್ ಬೇಡ, ಗೋಡೆಯ ಮೇಲೇ ಇದೆ. ತಿಥಿ ಹಗಲಿನಲ್ಲಿ ಮುಗಿಯುವುದೂ ಉಂಟು. ಆಗ ಹಿಂದಿನ ರಾತ್ರಿ ಮಾಡಿದರೂ ನಡೆಯುತ್ತದೆ. ಒಂದು ದಿನ ಆಚೆ ಈಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ದಿನಾ ರಾತ್ರಿ ಹೊರಗೆ ಬಂದು ಚಂದ್ರ ಎಲ್ಲಿದ್ದಾನೆ, ಎಷ್ಟಿದ್ದಾನೆ ಎಂದು ಎರಡು ಸಾಲು ಬರೆಯಿರಿ. ಮೋಡ ಇದ್ದರೆ ಮೋಡ ಎಂದು ಬರೆಯಿರಿ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಏಳುತ್ತಾನೆ ಎಂಬುದು ಓದಿ ಗೊತ್ತಿರುವುದು ಬೇರೆ, ಬಾಲ್ಕನಿಯಲ್ಲಿ ಕಾದು ಗೊತ್ತಾಗುವುದು ಬೇರೆ. ಪದ್ಯಕ್ಕೆ ಬೇಕಾದ ಮಾತುಗಳು ಸಿಗುವುದು ಈ ಎರಡು ಸಾಲುಗಳಲ್ಲಿ.

ವಿಕ್ಕಾದವರು ವರ್ಷದಲ್ಲಿ ಆಚರಿಸುವ ಎಂಟು ಹಬ್ಬಗಳಿಂದ ಯಾಕೆ ಶುರು ಮಾಡಬಾರದು ಎಂದು ಕೇಳಬಹುದು. ಆ ಹಬ್ಬಗಳು ಇಂಗ್ಲೆಂಡಿನ ಹವೆಗೆ ಹೊಂದಿದವು. ಡಿಸೆಂಬರಿನ ಯೂಲ್ ಹಬ್ಬದ ಹೊತ್ತಿಗೆ ಲಂಡನ್ನಿನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಅಂಥ ಕಡೆ ಬೆಳಕು ತಿರುಗಿ ಬರಲಿ ಎಂದು ಹಾಡುವುದಕ್ಕೆ ಅರ್ಥವಿದೆ. ಬೆಂಗಳೂರಿನಲ್ಲಿ ಅವತ್ತೂ ಹನ್ನೊಂದು ಗಂಟೆಗಿಂತ ಜಾಸ್ತಿ ಹಗಲು. ಆಗಸ್ಟ್ 1ರ ಲೂನಸಾ ಅಲ್ಲಿ ಕೊಯ್ಲಿನ ಹಬ್ಬ, ನಮ್ಮ ಮಲೆನಾಡಿನಲ್ಲಿ ಆಗಿನ್ನೂ ಗದ್ದೆ ನಾಟಿಯ ಕಾಲ. ಹುಣ್ಣಿಮೆಗೆ ಈ ತೊಡಕಿಲ್ಲ. ಎಲ್ಲ ಊರಿಗೂ ಅದೇ ಚಂದ್ರ.

## ಹಂತ 3: ಪದ್ಯ ಬರೆಯಿರಿ (ಮೊದಲ ಹತ್ತು ದಿನ)

ಎಲ್ಲರೂ ಜಾರಿ ಬೀಳುವುದು ಇಲ್ಲೇ. ಅದಕ್ಕೇ ಸ್ವಲ್ಪ ಹೊತ್ತು ನಿಲ್ಲೋಣ.

ಇಂಗ್ಲಿಷಿನ ವಿಚ್ ಮಂತ್ರಗಳು ಬಹಳಷ್ಟು ಒಂದೇ ಬಗೆಯ ಬಡಿತದ ಮೇಲೆ ನಿಂತಿವೆ. ಒಂದು ಜೋರು ಅಕ್ಷರ, ಒಂದು ಮೆದು ಅಕ್ಷರ, ಮತ್ತೆ ಜೋರು, ಮತ್ತೆ ಮೆದು. ಆ ಬಡಿತ ಇರುವುದು ಒತ್ತಿನಲ್ಲಿ. ಕನ್ನಡದಲ್ಲಿ ಒತ್ತು ಹಾಗೆ ಕೆಲಸ ಮಾಡುವುದಿಲ್ಲ. ನಮ್ಮ ಕಿವಿ ಲೆಕ್ಕ ಹಾಕುವುದು ಮಾತ್ರೆಯನ್ನು. ಹಾಗಾಗಿ ಇಂಗ್ಲಿಷ್ ಮಂತ್ರವನ್ನು ಕನ್ನಡಕ್ಕೆ ತಂದರೆ ಅರ್ಥ ಮಾತ್ರ ಬರುತ್ತದೆ, ಬಡಿತ ಅಲ್ಲೇ ಉಳಿಯುತ್ತದೆ. ಉದಾಹರಣೆಗೆ ಇದು:

"ಓ ಚಂದ್ರ ದೇವತೆಯೇ, ನಾನು ಈ ರಾತ್ರಿ ನಿನ್ನನ್ನು ಆಹ್ವಾನಿಸುತ್ತಿದ್ದೇನೆ."

ಇದನ್ನು ಹತ್ತು ಸಲ ಹೇಳಿ ನೋಡಿ. ಸಭೆಗೆ ಮುಖ್ಯ ಅತಿಥಿಯನ್ನು ಕರೆದ ಹಾಗಿರುತ್ತದೆ. ನಗು ಬರದೆ ಇನ್ನೇನು ಬರುತ್ತದೆ?

ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪು ಮಾಡಿಕೊಳ್ಳಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘ ಅಕ್ಷರ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವು ಗುರು. ನಮಗೆ ಬೇಕಾದ್ದು ಎರಡೇ ಅಚ್ಚು.

ಕರೆಯುವ ಸಾಲಿಗೆ ನಾಲ್ಕರ ಅಚ್ಚು. ಸಾಲಿಗೆ ನಾಲ್ಕು ಗಣ, ಗಣಕ್ಕೆ ನಾಲ್ಕು ಮಾತ್ರೆ. ಮಂದಾನಿಲ ರಗಳೆಯ ನಡೆ ಇದು. ಬಾಯಲ್ಲಿ "ತಕಧಿಮಿ ತಕಧಿಮಿ" ಎಂದುಕೊಂಡರೆ ಸಾಕು. ವಿಧಿ ಮಾಡುವ ಜಾಗವನ್ನು ಒಂದು ಸುತ್ತು ಬಂದು ಗುರುತಿಸಿಕೊಳ್ಳುವುದಕ್ಕೆ ವೃತ್ತ ಎನ್ನುತ್ತಾರೆ, ಅದರ ನಾಲ್ಕು ದಿಕ್ಕನ್ನು ಕರೆಯುವುದಕ್ಕೆ ಇದು ಸರಿಯಾಗುತ್ತದೆ. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ಎರಡನ್ನು ನಾನು ಬರೆದು ಕೊಡುತ್ತೇನೆ:

ಮೂಡಣ ಗಾಳಿಯೆ ಮೆಲ್ಲನೆ ಬೀಸು
ಹಾಡಿನ ಹೊಸಿಲಿಗೆ ತಂಪನು ಸೂಸು

ತೆಂಕಣ ಕಿಚ್ಚೇ ದೀಪಕೆ ಇಳಿ ಬಾ
ಅಂಕೆಯಲಿದ್ದೇ ಬೆಳಕನು ಕೊಡು ಬಾ

ಎಣಿಸಿ ನೋಡಿ. ಮೂಡಣ ನಾಲ್ಕು, ಗಾಳಿಯೆ ನಾಲ್ಕು, ಮೆಲ್ಲನೆ ನಾಲ್ಕು. ಬೀಸು ಮೂರೇ, ಆದರೆ ಸಾಲಿನ ಕೊನೆಯ ಅಕ್ಷರವನ್ನು ಎಳೆದು ಹೇಳುವುದರಿಂದ ನಾಲ್ಕಾಗುತ್ತದೆ. ಎರಡನೇ ಅಕ್ಷರದ ಪ್ರಾಸವೂ ಇದೆ: ಮೂಡಣ, ಹಾಡಿನ. ಪ್ರಾಸ ಚೆಂದಕ್ಕಷ್ಟೇ ಅಲ್ಲ. ಕತ್ತಲಲ್ಲಿ ಸಾಲು ಮರೆತರೆ ಮುಂದಿನದನ್ನು ಎಳೆದು ತರುವ ಹಗ್ಗ ಅದು. ಪಡುವಣ ನೀರು, ಬಡಗಣ ಮಣ್ಣು ಇವೆರಡನ್ನೂ ನೀವೇ ಬರೆಯಿರಿ. ಪಡುವಣ, ಬಡಗಣ ಎರಡೂ ನಾಲ್ಕು ಮಾತ್ರೆಯ ಪದಗಳೇ, ಅರ್ಧ ಕೆಲಸ ಮುಗಿದಂತೆ.

ಸುತ್ತುವ ಸಾಲಿಗೆ ಮೂರರ ಅಚ್ಚು. "ತಕಿಟ ತಕಿಟ." ಇದು ಓಡುವ ನಡೆ. ಮತ್ತೆ ಮತ್ತೆ ಹೇಳಿ ವೇಗ ಏರಿಸುವುದಕ್ಕೆ ಎರಡೇ ಸಾಲು ಸಾಕು:

ಬಾರೆ ಬೆಳಕೆ ಮನೆಗೆ ಬಾರೆ
ತೋರೆ ನಡೆಗೆ ದಾರಿ ತೋರೆ

"ಪುಸ್ತಕದಲ್ಲಿ ಇರುವುದನ್ನು ಬದಲಾಯಿಸಬಹುದಾ?" ಎಂಬ ಅಂಜಿಕೆ ಬೇಡ. 1953ರಲ್ಲಿ, ವಿಕ್ಕಾವನ್ನು ಬೆಳಕಿಗೆ ತಂದ ಜೆರಾಲ್ಡ್ ಗಾರ್ಡ್‌ನರ್ ಅವರಿಂದ ದೀಕ್ಷೆ ಪಡೆದ ಡೊರೀನ್ ವ್ಯಾಲಿಯೆಂಟೆ ಮಾಡಿದ್ದೂ ಇದನ್ನೇ. ಗಾರ್ಡ್‌ನರ್ ಬೇರೆಯವರ ಬರಹದಿಂದ ತಂದು ಸೇರಿಸಿದ್ದ ಭಾಗಗಳನ್ನು ಗುರುತಿಸಿ, ವಿಧಿಯ ಮಾತುಗಳನ್ನು ಆಕೆ ತಾನೇ ಹೊಸದಾಗಿ ಬರೆದರು. ಇವತ್ತು ವಿಕ್ಕಾದವರು ಬಾಯಿಪಾಠ ಹೇಳುವ ಎಷ್ಟೋ ಸಾಲುಗಳು ಆಕೆಯವು.

ಸಾಮಾನ್ಯ ತಪ್ಪುಗಳು ಮೂರು. ಒಂದು, ಸಂಸ್ಕೃತದ ದೊಡ್ಡ ಪದ ತುಂಬುವುದು. "ಪ್ರಕಾಶಸ್ವರೂಪಿಣಿ" ಅಂದಾಗ ಮೈ ಜುಂ ಅನ್ನಬಹುದು, ಆದರೆ ನೀವು ನೋಡಿದ ಚಂದ್ರ ಅದರಲ್ಲಿ ಇರುವುದಿಲ್ಲ. ಎರಡು, ಉದ್ದ. ಒಂದು ದಿಕ್ಕಿಗೆ ಎರಡು ಸಾಲು ದಾಟಬೇಡಿ. ಮೂರು, ಒಂದೇ ಪದ್ಯದಲ್ಲಿ ಕೆಲಸ, ಮದುವೆ, ಸೈಟು ಎಲ್ಲ ಕೇಳುವುದು. ಒಂದು ಹುಣ್ಣಿಮೆಗೆ ಒಂದು ಮಾತು.

## ಹಂತ 4: ದನಿ ಮತ್ತು ತಾಳ (ಮುಂದಿನ ಹತ್ತು ದಿನ)

ಬೇಕಾದ್ದು: ಶ್ರುತಿಪೆಟ್ಟಿಗೆ ಅಥವಾ ಫೋನಿನ ತಂಬೂರಿ ಆ್ಯಪ್. ದಮ್ಮಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸ್ಟೀಲ್ ಡಬ್ಬ ಬೇಡ, ಅದರ ಸದ್ದು ತಲೆನೋವು. ದಪ್ಪ ಪುಸ್ತಕ ಅಥವಾ ನಿಮ್ಮ ತೊಡೆ ಸಾಕು.

1. ಶ್ರುತಿ ಹಾಕಿ, ಕಣ್ಣು ಮುಚ್ಚಿ, ಬಾಯಿ ಮುಚ್ಚಿ "ಮ್" ಎಂದು ಐದು ನಿಮಿಷ ಎಳೆಯಿರಿ. ನೀವು ಆರಾಮವಾಗಿ ಮಾತಾಡುವ ದನಿಗಿಂತ ಒಂದು ಚೂರು ಮೇಲಿದ್ದರೆ ಅದೇ ನಿಮ್ಮ ಷಡ್ಜ. ಗಂಟಲು ಬಿಗಿದರೆ ಶ್ರುತಿ ಇಳಿಸಿ.

2. ಪದ್ಯವನ್ನು ಮೊದಲು ಒಂದೇ ಸ್ವರದಲ್ಲಿ ಹೇಳಿ. ಎರಡು ದಿನ ಅಷ್ಟೇ. ಮೂರನೇ ದಿನ ಸಾಲಿನ ಮಧ್ಯದಲ್ಲಿ ಒಂದು ಸ್ವರ ಮೇಲೆ ಹೋಗಿ ಕೊನೆಗೆ ಷಡ್ಜಕ್ಕೆ ಬನ್ನಿ. ಎರಡು ಮೂರು ಸ್ವರದಲ್ಲಿ ಮುಗಿಯಬೇಕು. ಸಂಗೀತ ಕಲಿತವರು ಇಲ್ಲಿ ಹುಷಾರು. ರಾಗ ಹಿಡಿದು ಆಲಾಪನೆಗೆ ಹೋಗಿಬಿಟ್ಟರೆ ಅದು ಕಛೇರಿಯಾಗುತ್ತದೆ, ಗಮನವೆಲ್ಲ ಗಮಕದ ಮೇಲೆ.

3. ತಾಳ ಸೇರಿಸಿ. ನಾಲ್ಕರ ಪದ್ಯಕ್ಕೆ ಗಣದ ಮೊದಲ ಮಾತ್ರೆಗೆ ಒಂದು ಪೆಟ್ಟು. ನಿಮಿಷಕ್ಕೆ 60 ಪೆಟ್ಟಿನಲ್ಲಿ ಶುರು ಮಾಡಿ. ಮೂರರ ಪದ್ಯವನ್ನು ಅಲ್ಲಿಂದ ನಿಧಾನವಾಗಿ 100ರವರೆಗೆ ಏರಿಸಿ. ಏರುವುದಕ್ಕೆ ಐದು ನಿಮಿಷವಾದರೂ ಬೇಕು.

4. ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ವೇಗ ತುದಿಗೆ ಬಂದಾಗ ಒಂದೇ ಸಲ ಗಕ್ಕನೆ ನಿಲ್ಲಬೇಕು, ದನಿ ಮತ್ತು ಕೈ ಎರಡೂ. ಆಮೇಲಿನ ಮೌನ ಇದೆಯಲ್ಲ, ವಿಧಿಯ ಜೀವ ಅಲ್ಲಿದೆ. ವಿಕ್ಕಾದವರು ಇದನ್ನು ಶಕ್ತಿಯನ್ನು ಶಂಕುವಿನ ಆಕಾರದಲ್ಲಿ ಮೇಲೇರಿಸಿ ಬಿಡುವುದು ಎಂದು ವಿವರಿಸುತ್ತಾರೆ. ನೀವು ಹಾಗೆ ನಂಬಿ ಅಥವಾ ಬಿಡಿ, ಕಿವಿಗೆ ಗೊತ್ತಾಗುತ್ತದೆ. ಮೆಲ್ಲಮೆಲ್ಲಗೆ ಕರಗಿಸಿ ನಿಲ್ಲಿಸಿದರೆ ಭಜನೆ ಮುಗಿದ ಹಾಗಾಗುತ್ತದೆ, ಆ ಮೌನ ಹುಟ್ಟುವುದಿಲ್ಲ.

ಎಚ್ಚರಿಕೆಯ ಗುರುತು: ತಲೆ ಸುತ್ತುವುದು, ಬೆರಳ ತುದಿ ಜುಮ್ಮೆನ್ನುವುದು. "ಶಕ್ತಿ ಬಂತು" ಎಂದು ಹಿಗ್ಗಬೇಡಿ. ಉಸಿರು ಜಾಸ್ತಿ ಜೋರಾಗಿದೆ ಅಷ್ಟೇ. ಕೂತುಕೊಳ್ಳಿ, ನಿಧಾನವಾಗಿ ಉಸಿರಾಡಿ.

ರೆಕಾರ್ಡ್ ಮಾಡಿದ ಸಂಗೀತ ಹಾಕಿಕೊಂಡರೆ ಸಾಲದೇ? ಶ್ರುತಿಗೆ ಸರಿ. ಹಾಡಿಗೆ ಬೇಡ. ಹಾಡಿನ ವೇಗಕ್ಕೆ ನೀವು ಓಡಬೇಕಾಗುತ್ತದೆ, ಮಧ್ಯೆ ಜಾಹೀರಾತು ಬಂದರೆ ಮುಗಿಯಿತು ಕತೆ.

## ಹಂತ 5: ಸಾಮಾನು ಈಗ ಜೋಡಿಸಿ

ಪದ್ಯ ಬಾಯಿಗೆ ಬಂದ ಮೇಲೆ ಮಾತ್ರ. ಪಟ್ಟಿ ಚಿಕ್ಕದು: ಒಂದು ಮಣೆ, ಒಂದು ಹಣತೆ ಅಥವಾ ಮೇಣದಬತ್ತಿ, ಒಂದು ಬಟ್ಟಲು ನೀರು, ಸ್ವಲ್ಪ ಕಲ್ಲುಪ್ಪು, ಒಂದು ಊದುಬತ್ತಿ, ತಿನ್ನಲು ಏನಾದರೂ. ಇವು ನಾಲ್ಕು ದಿಕ್ಕಿಗೆ ಸಾಕಾಗುತ್ತವೆ. ಊದುಬತ್ತಿ ಗಾಳಿಗೆ, ದೀಪ ಬೆಂಕಿಗೆ, ಬಟ್ಟಲು ನೀರಿಗೆ, ಉಪ್ಪು ಮಣ್ಣಿಗೆ.

ಅಥಾಮೆ ಎಂಬ ಕಪ್ಪು ಹಿಡಿಯ ಚೂರಿ ಬೇಕೇ ಬೇಕು ಎನ್ನುತ್ತಾರೆ. ಅದರಿಂದ ಏನನ್ನೂ ಕುಯ್ಯುವುದಿಲ್ಲ, ವೃತ್ತ ಎಳೆಯುವುದಕ್ಕೆ ಬಳಸುತ್ತಾರೆ ಅಷ್ಟೇ. ಆ ಕೆಲಸಕ್ಕೆ ತೋರುಬೆರಳು ಸಾಕು. ಹಾಸ್ಟೆಲಿನಲ್ಲಿ, ಪಿಜಿಯಲ್ಲಿ ಇರುವವರು ಚೂರಿಯ ಸಹವಾಸಕ್ಕೇ ಹೋಗಬೇಡಿ.

ಮಗ್‌ವರ್ಟ್ ಎಂಬ ಪರಿಮಳದ ಗಿಡ ಎಲ್ಲಿ ಸಿಗುತ್ತದೆ ಎಂದು ಹುಡುಕುವವರು ಹೂವಿನ ಅಂಗಡಿಗೆ ಹೋಗಿ ದವನ ತನ್ನಿ. ಎರಡೂ ಒಂದೇ ಕುಲದ ಗಿಡಗಳು, ಆರ್ಟೆಮಿಸಿಯಾ. ಪರಿಮಳಕ್ಕೆ ಮಣೆಯ ಮೇಲೆ ಇಡಿ, ಕಷಾಯ ಮಾಡಿ ಕುಡಿಯಬೇಡಿ. ಉಮ್ಮತ್ತಿ, ಕಣಗಿಲೆ, ಗುಲಗಂಜಿ ಮೂರೂ ವಿಷ. ಸುಡುವುದು, ಅರೆಯುವುದು, ಬಾಯಿಗೆ ಹಾಕುವುದು ಯಾವುದೂ ಬೇಡ.

ಮುಚ್ಚಿದ ಕೋಣೆಯಲ್ಲಿ ಇದ್ದಿಲ ಮೇಲೆ ಧೂಪ ಹಾಕಬೇಡಿ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇರುವುದಿಲ್ಲ. ಊದುಬತ್ತಿಗೂ ಒಂದು ಕಿಟಕಿ ತೆರೆದಿರಲಿ.

## ಹಂತ 6: ದೀಪವಿಲ್ಲದ ತಾಲೀಮು

ಹುಣ್ಣಿಮೆಗೆ ಮೂರು ದಿನ ಮೊದಲು, ಹಗಲಿನಲ್ಲಿ, ದೀಪ ಹಚ್ಚದೆ ಪೂರ್ತಿ ಒಂದು ಸಲ ನಡೆದು ನೋಡಿ. ಫೋನಿನ ದಿಕ್ಸೂಚಿಯಲ್ಲಿ ಪೂರ್ವ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಸುತ್ತುವಾಗ ಕಾಲಿಗೆ ಏನು ತಾಗುತ್ತದೆ? ದುಪಟ್ಟಾ, ಲುಂಗಿ ದೀಪಕ್ಕೆ ತಾಗುತ್ತದೆಯೇ? ಹಳೆಯ ಪುಸ್ತಕಗಳಲ್ಲಿ ವೃತ್ತಕ್ಕೆ ಒಂಬತ್ತು ಅಡಿ ಅಗಲ ಹೇಳಿದ್ದಾರೆ. ನಿಮ್ಮ ಕೋಣೆಯಲ್ಲಿ ಐದಿದ್ದರೆ ಐದು.

ಪದ್ಯವನ್ನು ನೋಡದೆ ಹೇಳಲು ಆಗದಿದ್ದರೆ ಮುಂದಿನ ಹುಣ್ಣಿಮೆಗೆ ಮುಂದೂಡಿ. ಬೇರೆ ಎಲ್ಲದರಲ್ಲೂ ಹೊಂದಿಸಿಕೊಳ್ಳಬಹುದು, ಇದೊಂದರಲ್ಲಿ ಬೇಡ.

## ಹಂತ 7: ಹುಣ್ಣಿಮೆ ರಾತ್ರಿ

ಒಟ್ಟು ಅರ್ಧ ಗಂಟೆ. ಎಂಟು, ಒಂಬತ್ತು ಗಂಟೆಗೇ ಮಾಡಿ. ನಡುರಾತ್ರಿಯೇ ಆಗಬೇಕೆಂದು ಏನೂ ಇಲ್ಲ. ನಾನೊಮ್ಮೆ ರಾತ್ರಿ ಹನ್ನೊಂದೂವರೆಗೆ ದಮ್ಮಡಿ ಬಾರಿಸಿ, ಕೆಳಗಿನ ಮನೆಯ ಅಜ್ಜಿ ಹತ್ತಿ ಬಂದು "ಯಾರಿಗೆ ಏನಾಯ್ತು?" ಎಂದು ಕೇಳಿದ್ದರು. ಅವರಿಗೆ ಕಾಫಿ ಮಾಡಿಕೊಟ್ಟು ಕಳಿಸಿದ್ದೇ ಅವತ್ತಿನ ವಿಧಿ.

1. ಸ್ನಾನ ಮಾಡಿ. ಫೋನ್ ಬೇರೆ ಕೋಣೆಯಲ್ಲಿಡಿ. ಶ್ರುತಿ ಅದರಲ್ಲೇ ಇದ್ದರೆ ಏರೋಪ್ಲೇನ್ ಮೋಡಿಗೆ ಹಾಕಿ. ಫ್ಯಾನ್ ನಿಲ್ಲಿಸಿ.

2. ನೆಲದ ಮೇಲೆ ಕೂತು ಪಾದ, ಕಾಲು, ಸೊಂಟ ನೆಲಕ್ಕೆ ತಾಗಿರುವುದನ್ನು ಗಮನಿಸುತ್ತಾ ಹತ್ತು ಉಸಿರು. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

3. ನೀರಿಗೆ ಮೂರು ಚಿಟಿಕೆ ಉಪ್ಪು ಹಾಕಿ. ದೀಪ, ಊದುಬತ್ತಿ ಹಚ್ಚಿ.

4. ಪೂರ್ವದಿಂದ ಶುರು ಮಾಡಿ, ತೋರುಬೆರಳು ನೆಲದ ಕಡೆಗೆ ಹಿಡಿದು ಒಂದು ಸುತ್ತು ಬನ್ನಿ. ಸೂರ್ಯ ಸಾಗುವ ದಿಕ್ಕು, ನಾವು ಗುಡಿಗೆ ಪ್ರದಕ್ಷಿಣೆ ಬರುವ ದಿಕ್ಕೇ. ಆಸ್ಟ್ರೇಲಿಯಾದಲ್ಲಿ ಇರುವ ಕನ್ನಡಿಗರಿಗೆ ಒಂದು ತಿರುವು: ಅಲ್ಲಿ ಸೂರ್ಯ ಉತ್ತರದ ಕಡೆಯಿಂದ ಸಾಗುವುದರಿಂದ ಅಲ್ಲಿನ ಬಹಳ ವಿಕ್ಕಾದವರು ಸುತ್ತನ್ನು ತಿರುಗಿಸಿಕೊಳ್ಳುತ್ತಾರೆ.

5. ಒಂದೊಂದೇ ದಿಕ್ಕಿಗೆ ಮುಖ ಮಾಡಿ ಅದರ ಪದ್ಯ ಹೇಳಿ. ಒಂದು ದಿಕ್ಕು ಮುಗಿದ ಮೇಲೆ ಮೂರು ಉಸಿರು ಬಿಟ್ಟು ಇನ್ನೊಂದಕ್ಕೆ ಹೋಗಿ. ತಪ್ಪಿದರೆ ತಪ್ಪಿದ ಪದದಿಂದಲೇ ಮುಂದುವರಿಸಿ. ಮೊದಲಿನಿಂದ ಶುರು ಮಾಡಬೇಡಿ.

6. ನಡುವೆ ಕೂತು, ಈ ತಿಂಗಳು ಕೇಳಬೇಕೆಂದಿರುವ ಆ ಒಂದು ಮಾತನ್ನು ಗಟ್ಟಿಯಾಗಿ ಹೇಳಿ. ಆಮೇಲೆ ಮೂರರ ಪದ್ಯ, ತಾಳದೊಂದಿಗೆ. ಏರಿಸಿ, ಏರಿಸಿ, ನಿಲ್ಲಿಸಿ.

7. ಮೌನ. ಎಷ್ಟು ಹೊತ್ತು ಎಂದು ಎಣಿಸಬೇಡಿ.

8. ಏನಾದರೂ ತಿನ್ನಿ, ಕುಡಿಯಿರಿ. ವಿಕ್ಕಾದಲ್ಲಿ ಕೇಕ್ ಮತ್ತು ಏಲ್ (ಒಂದು ಬಗೆಯ ಬಿಯರ್) ಎನ್ನುತ್ತಾರೆ. ಚಕ್ಕುಲಿ, ಮಜ್ಜಿಗೆ ಆದೀತು. ಇದು ಶಾಸ್ತ್ರಕ್ಕಲ್ಲ, ಮೈ ನೆಲಕ್ಕೆ ಇಳಿಯಲಿ ಎಂದು.

9. ನಾಲ್ಕು ದಿಕ್ಕಿಗೂ ಒಂದೊಂದು ಮಾತಿನಲ್ಲಿ ಹೋಗಿಬನ್ನಿ ಎಂದು ಹೇಳಿ, ಬಂದ ಸುತ್ತನ್ನು ಎದುರು ದಿಕ್ಕಿಗೆ ನಡೆದು ಬಿಚ್ಚಿ. ದೀಪ ಆರಿಸಿ. ಹೊಸಬರು ಮರೆಯುವುದು ಇದನ್ನೇ. ಎದ್ದು ಹೋಗಿ ಮಲಗಿಬಿಡುತ್ತಾರೆ, ಆಮೇಲೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ.

ಉಪ್ಪುನೀರನ್ನು ಸಿಂಕಿಗೆ ಚೆಲ್ಲಿ, ಗಿಡಕ್ಕೆ ಹಾಕಿದರೆ ಗಿಡ ಒಣಗುತ್ತದೆ. ಮೂರುದಾರಿ ಕೂಡುವ ಕಡೆ ಹೂವು, ನಿಂಬೆಹಣ್ಣು ಇಡುವ ಯೋಚನೆ ಬೇಡವೇ ಬೇಡ. ಬೆಳಿಗ್ಗೆ ಅದನ್ನು ನೋಡುವವರ ಭಯ ನಿಜವಾದದ್ದು, ಗುಡಿಸುವ ಪೌರಕಾರ್ಮಿಕರಿಗೆ ಅದು ಇನ್ನೊಂದು ಕೆಲಸ.

## ಹಂತ 8: ಮರುದಿನ ಬರೆಯಿರಿ

ಯಾವ ಸಾಲು ಬಾಯಲ್ಲಿ ಎಡವಿತು? ಯಾವ ಸಾಲಿಗೆ ದನಿ ತಾನಾಗಿ ತುಂಬಿತು? ಮೌನ ಹೇಗಿತ್ತು? ಇಷ್ಟನ್ನು ಬರೆಯಿರಿ. "ಕೇಳಿದ್ದು ಆಯಿತೋ ಇಲ್ಲವೋ" ಎಂಬ ಲೆಕ್ಕ ಈಗ ಬೇಡ. ಎಡವಿದ ಸಾಲನ್ನು ತಿದ್ದಿ. ಸಾಮಾನ್ಯವಾಗಿ ಅಲ್ಲಿ ಒಂದು ಮಾತ್ರೆ ಹೆಚ್ಚೋ ಕಡಿಮೆಯೋ ಇರುತ್ತದೆ.

## ನಿಲ್ಲಿಸಬೇಕಾದ ಗುರುತುಗಳು

ದುಡ್ಡು ತೆಗೆದುಕೊಂಡು ಆನ್‌ಲೈನ್‌ನಲ್ಲಿ ದೀಕ್ಷೆ ಕೊಡುತ್ತೇವೆ ಎನ್ನುವವರು. ಗಾರ್ಡ್‌ನರ್ ಪರಂಪರೆಯಲ್ಲಿ ದೀಕ್ಷೆ ಸಿಗುವುದು ಕೂಟದೊಳಗೆ, ಮುಖಾಮುಖಿಯಾಗಿ. ಅದಕ್ಕೆ ಶುಲ್ಕ ತೆಗೆದುಕೊಳ್ಳುವುದು ಆ ಪರಂಪರೆಯಲ್ಲೇ ತಪ್ಪು. ಒಬ್ಬರೇ ಮಾಡುವವರಿಗೆ ದೀಕ್ಷೆ ಬೇಕಾಗಿಯೂ ಇಲ್ಲ.

"ನಿಮ್ಮ ಮೇಲೆ ಯಾರೋ ಶಾಪ ಹಾಕಿದ್ದಾರೆ, ತೆಗೆಯಲು ಇಷ್ಟು ಸಾವಿರ" ಎನ್ನುವವರು. ಬ್ಲಾಕ್ ಮಾಡಿ. ದುಡ್ಡು ಕೊಟ್ಟಾಗಿದ್ದರೆ ಪೊಲೀಸರಿಗೆ ದೂರು ಕೊಡಿ.

ಬಟ್ಟೆ ತೆಗೆಯಲೇಬೇಕು, ಮನೆಯವರಿಗೆ ಹೇಳಲೇಬಾರದು, ಒಬ್ಬರೇ ಬರಬೇಕು ಎಂದು ಒತ್ತಾಯ ಮಾಡುವ ಗುಂಪು. ಅಲ್ಲಿಂದ ಎದ್ದು ಬನ್ನಿ, ವಿವರಣೆ ಕೊಡುತ್ತಾ ನಿಲ್ಲಬೇಡಿ.

ನಿಮ್ಮೊಳಗಿನ ಗುರುತುಗಳೂ ಇವೆ. ನಿದ್ದೆ ಕೆಡುವುದು, ವೃತ್ತ ಮುಗಿದ ಮೇಲೂ ದನಿಗಳು ಕೇಳುವುದು, ಎಲ್ಲ ಘಟನೆಯೂ ನಿಮಗೇ ಕಳಿಸಿದ ಸೂಚನೆ ಎನ್ನಿಸುವುದು. ಆಗ ಎಲ್ಲ ನಿಲ್ಲಿಸಿ ವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಮಾತಾಡಬಹುದು.

ಮೂರು ಹುಣ್ಣಿಮೆ ಇದನ್ನೇ ಮಾಡಿ, ಇದೇ ಪದ್ಯ, ಇದೇ ಮಣೆ. ನಾಲ್ಕನೆಯದಕ್ಕೆ ಹೊಸ ಪದ್ಯ ಬರೆಯಬಹುದು. ಅಷ್ಟು ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಚಂದ್ರನ ಮೇಲೆ ಸುಮಾರು ನೂರಿಪ್ಪತ್ತು ದಿನದ ಸಾಲುಗಳು ಇರುತ್ತವೆ. ಅದರಲ್ಲಿ ನಾಲ್ಕಾದರೂ "ತಕಧಿಮಿ"ಗೆ ಸರಿಯಾಗಿ ಕೂರುತ್ತವೆ.